ಮಗಳಿಗೊಂದು ಪತ್ರ: ಕಲ್ಲು ಮುಂದೆ ಹೋಗ್ತಿದೆ ಅಂದಿದ್ದೆ ನೀನು

ಪುಟ್ಟಿ,

ಭಾನುವಾರ ಫೋನ್ ಇಟ್ಟ ಮೇಲೆ ನಾನು ತೋಟಕ್ಕೆ ಇಳಿದಿಲ್ಲ. ಏನೇನು ಕೂಗಾಡಿದೆ ಅಂತ ಇಲ್ಲಿ ಮತ್ತೆ ಬರೆಯುವುದಿಲ್ಲ, ನಿನಗೂ ನೆನಪಿದೆ, ನನಗೂ ನೆನಪಿದೆ. "ಸಾಕು, ಎಲ್ಲ ಬಿಟ್ಟು ಮನೆಗೆ ಬಾ" ಅಂದ ಮಾತನ್ನು ಮಾತ್ರ ವಾಪಸ್ ತಗೊಳ್ಳುತ್ತೇನೆ. ಉಳಿದ ಮಾತಿನ ಬಗ್ಗೆ ಇನ್ನೂ ಮನಸ್ಸು ಒಂದಾಗಿಲ್ಲ. ಫೋನಿನಲ್ಲಿ ಮತ್ತೆ ದನಿ ಏರುತ್ತದೆ, ಅದಕ್ಕೇ ಕಾಗದ. ಮುಂದಿನ ಬುಧವಾರ, ಉಪಕರಣ ನೋಡಿಯೇ ವಿಮಾನ ಹಾರಿಸುವ ನಿನ್ನ ಇನ್‌ಸ್ಟ್ರುಮೆಂಟ್ ರೇಟಿಂಗ್ ಟೆಸ್ಟ್ ಅಂತ ಅಮ್ಮ ಹೇಳಿದಳು. ಅದಕ್ಕೆ ಮೊದಲು ಇದು ನಿನ್ನ ಕೈ ಸೇರಲಿ.

ಒಬ್ಬಳೇ ವಿಮಾನ ಹಾರಿಸುತ್ತಿದ್ದಾಗ ಮೋಡದೊಳಗೆ ಸಿಕ್ಕಿಕೊಂಡದ್ದು "ಐದು ನಿಮಿಷ ಅಷ್ಟೇ ಅಪ್ಪಾ" ಅಂದೆ. ದೂರದಿಂದ ನಮ್ಮ ಬೆಟ್ಟ ಕಾಣುತ್ತಾ ಅಂತ ಸ್ವಲ್ಪ ಪಶ್ಚಿಮಕ್ಕೆ ಬಂದೆ, ಮುಂದೆ ಬೆಳ್ಳಗೆ ಏನೋ ಇತ್ತು, ಆಮೇಲೆ ಸುತ್ತ ಏನೂ ಇರಲಿಲ್ಲ ಅಂದೆ. ಐದು ನಿಮಿಷ ಅಂದರೆ 300 ಸೆಕೆಂಡು. ನಿನ್ನ ಹಳೆ ನೋಟ್ ಪುಸ್ತಕ ನಿನ್ನ ಕೋಣೆಯ ಶೆಲ್ಫಿನಲ್ಲೇ ಇದೆ, ಅದರಲ್ಲಿ ನೀನೇ ಕೆಂಪು ಪೆನ್ನಲ್ಲಿ 178 ಅಂತ ಬರೆದು ಸುತ್ತ ಗೆರೆ ಎಳೆದಿದ್ದೀಯ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 20 ಜನರನ್ನು ಕೂರಿಸಿ ನೋಡಿದ್ದು. ಉಪಕರಣ ನೋಡಿ ಹಾರುವುದು ಕಲಿಯದವರು, ಹೊರಗೆ ಏನೂ ಕಾಣದ ಹಾಗೆ ಮಾಡಿದರೆ ಎಷ್ಟು ಹೊತ್ತು ವಿಮಾನ ಕೈಯಲ್ಲಿರುತ್ತದೆ ಅಂತ. ಒಬ್ಬರ ಕೈಯಲ್ಲೂ ಉಳಿಯಲಿಲ್ಲ. ಸರಾಸರಿ 178 ಸೆಕೆಂಡು. ನೀನು ಹೊರಗೆ ಕಾಣದ ಹಾಗೆ ಮರೆಮಾಡುವ ಹುಡ್ ಹಾಕಿಕೊಂಡು ಕಲಿತವಳು, ಅದಕ್ಕೇ 300 ದಾಟಿದೆ. ಇದನ್ನು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ ಬರೆಯುತ್ತೇನೆ. ನಿನಗೆ ಆರು ವರ್ಷ. ಜುಲೈ ತಿಂಗಳು, ರಾತ್ರಿ, ನಿನಗೆ ಜ್ವರ ಸುಡುತ್ತಿತ್ತು. ಅಜ್ಜಿಯೂ ಮಲಗಿದ್ದರಿಂದ ಅಮ್ಮ ಬರುವ ಹಾಗಿರಲಿಲ್ಲ. ಹಳೆ ಜೀಪಿನ ಹಿಂದಿನ ಸೀಟಿನಲ್ಲಿ ನಿನ್ನನ್ನು ಕಂಬಳಿ ಸುತ್ತಿ ಮಲಗಿಸಿ, ಆಟಕ್ಕೆ ಅಂತ ಕೈಗೆ ಟಾರ್ಚ್ ಕೊಟ್ಟು, ಗಾಳಿಬೀಡಿನ ಕಡೆಯಿಂದ ಮಡಿಕೇರಿಗೆ ಹೊರಟೆ. ಏರಿನಲ್ಲಿ ಮಂಜು ಎಷ್ಟು ಕವಿಯಿತು ಅಂದರೆ ಬಾನೆಟ್ ಕೂಡ ಕಾಣಲಿಲ್ಲ. ಗಾಡಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು ಕೂತೆ. ಹೆಡ್‌ಲೈಟಿನ ಬೆಳಕಿನಲ್ಲಿ ಮಂಜು ನಮ್ಮ ಕಡೆಗೇ ಹರಿದು ಬರುತ್ತಿತ್ತು, ಗಾಡಿ ಮುಂದೆ ಹೋಗುತ್ತಿದೆ ಅನ್ನಿಸಿತು. ಇದು ಮಂಜಿನ ಆಟ, ಗಾಡಿ ನಿಂತಿದೆ ಅಂತ ಧೈರ್ಯ ತಂದುಕೊಂಡೆ. ಆಗ ನೀನು ಹಿಂದಿನಿಂದ "ಅಪ್ಪಾ, ಕಲ್ಲು ಮುಂದೆ ಹೋಗ್ತಿದೆ" ಅಂದೆ. ಜ್ವರಕ್ಕೆ ಏನೋ ಕನವರಿಸುತ್ತಿದ್ದೀಯ ಅಂದುಕೊಂಡೆ. ಇನ್ನೊಂದು ಸಲ ಹೇಳಿದೆ. "ಸುಮ್ನೆ ಮಲಗು" ಅಂತ ಗದರಿದೆ. ನೀನು ಸುಮ್ಮನಾದೆ.

ಹ್ಯಾಂಡ್ ಬ್ರೇಕ್ ಹಿಡಿದಿರಲಿಲ್ಲ ಪುಟ್ಟಿ. ಎರಡು ತಿಂಗಳಿಂದ ರಿಪೇರಿ ಮಾಡಿಸಬೇಕು ಅಂದುಕೊಳ್ಳುತ್ತಲೇ ಇದ್ದೆ. ಜೀಪು ನಿಧಾನಕ್ಕೆ ಹಿಂದೆ ಜಾರುತ್ತಿತ್ತು. ನೀನು ಟಾರ್ಪಾಲಿನ ಸಂದಿಯಿಂದ ಟಾರ್ಚ್ ಬಿಟ್ಟು ರಸ್ತೆ ಅಂಚಿನ ಸುಣ್ಣ ಬಳಿದ ಕಲ್ಲು ನೋಡುತ್ತಿದ್ದೆ. ಹಿಂದಿನ ಚಕ್ರ ಒಂದು ಸಿಲ್ವರ್ ಮರದ ಬುಡಕ್ಕೆ ಬಡಿದು ಗಾಡಿ ನಿಂತಿತು. ಇಳಿದು ನೋಡಿದೆ. ಮರದ ಆಚೆಗೆ ನೆಲ ಇರಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ಮಂಜಿನಲ್ಲಿ ಹೋಗಿದ್ದು ಒಂದು ತಪ್ಪು, ಬ್ರೇಕ್ ಇನ್ನೊಂದು ತಪ್ಪು. ಆದರೆ ರಾತ್ರಿ ನಿದ್ದೆಗೆಡಿಸುವುದು ಅದು ಯಾವುದೂ ಅಲ್ಲ. ಕಣ್ಣಿಗೆ ಕಂಡದ್ದನ್ನು ಸರಿಯಾಗಿ ಹೇಳಿದ ಮಗುವಿಗೆ ಸುಮ್ಮನಿರು ಅಂದೆನಲ್ಲ, ಅದು. ಭಾನುವಾರವೂ ಅದನ್ನೇ ಮಾಡಿದೆ. ನೀನಾಗಿ ನಿಜ ಹೇಳಲು ಫೋನ್ ಮಾಡಿದ್ದೆ, ಮುಚ್ಚಿಡಬಹುದಿತ್ತು. ತಪ್ಪಾಯಿತು ಮಗಳೇ.

ನಿನ್ನ ಪುಸ್ತಕದಲ್ಲಿ ಒಳಕಿವಿಯ ಚಿತ್ರ ಇದೆ. ಮೂರು ಸಣ್ಣ ಕೊಳವೆ, ಅದರೊಳಗೆ ನೀರಿನಂಥ ದ್ರವ. ವಿಮಾನ ಒಂದೇ ಸಮ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ಆ ದ್ರವವೂ ಜೊತೆಗೇ ತಿರುಗಿ, ನೇರ ಹೋಗುತ್ತಿದ್ದೇವೆ ಅನ್ನಿಸುತ್ತದೆ. ನಿಜವಾಗಿ ನೇರ ಮಾಡಿದಾಗ ವಿರುದ್ಧ ದಿಕ್ಕಿಗೆ ತಿರುಗಿದ ಹಾಗಾಗುತ್ತದೆ. ಆ ಪುಟ ಓದುವಾಗ ನನಗೆ ಕಂಡದ್ದು ಜೀಪಿನ ಗಾಜು. ಮೈ ಮುಂದೆ ಅನ್ನುತ್ತಿತ್ತು, ಬುದ್ಧಿ ನಿಂತಿದೆ ಅನ್ನುತ್ತಿತ್ತು, ಎರಡೂ ಸುಳ್ಳು. ನಿನ್ನ ಮುಂದಿರುವ, ಗಡಿಯಾರದಂಥ ಆರು ಉಪಕರಣಗಳೇ ಆ ಕಲ್ಲು. ಅದರಲ್ಲೂ ಒಂದನ್ನೇ ದಿಟ್ಟಿಸಿ ಕೂರಬೇಡ. ಗಾಳಿ ಪಂಪು ಕೆಟ್ಟರೆ ದಿಗಂತ ತೋರಿಸುವ ಉಪಕರಣ ಸದ್ದಿಲ್ಲದೆ ಮೆಲ್ಲಗೆ ವಾಲುತ್ತದೆ ಅಂತ ನೀನೇ ಬರೆದಿದ್ದೀಯ. ಒಂದರ ಮಾತನ್ನು ಇನ್ನೊಂದರ ಹತ್ತಿರ ಕೇಳು.

ನೀನು ಏರ್ ರೆಗ್ಯುಲೇಶನ್ ಪೇಪರಿಗೆ ಓದುತ್ತಿದ್ದ ವರ್ಷ ಕಣದಲ್ಲಿ ಮೆಣಸು ಒಣಗಿಸುತ್ತಾ ನಾನು ಪ್ರಶ್ನೆ ಕೇಳುತ್ತಿದ್ದೆ, ನೀನು ಕಾಲಲ್ಲಿ ಮೆಣಸು ಹರಡುತ್ತಾ ಉತ್ತರ ಹೇಳುತ್ತಿದ್ದೆ. 10,000 ಅಡಿ ಕೆಳಗೆ, ಕಣ್ಣಿಂದ ಹೊರಗೆ ನೋಡಿ ಹಾರುವ ವಿಎಫ್‌ಆರ್‌ಗೆ ಎಷ್ಟು ದೂರ ಕಾಣಬೇಕು? 5 ಕಿಲೋಮೀಟರ್. ಅದರ ಮೇಲೆ? 8. ಮೋಡದಿಂದ ಎಷ್ಟು ದೂರ? ಅಡ್ಡಕ್ಕೆ 1500 ಮೀಟರ್, ಮೇಲೆ ಕೆಳಗೆ 1000 ಅಡಿ. ಒಂದೂ ತಪ್ಪುತ್ತಿರಲಿಲ್ಲ. ಆಗ ಅವು ನನಗೆ ಪಾಸಾಗಲು ಬೇಕಾದ ಅಂಕಿಗಳಷ್ಟೇ. ಈಗ ಅರ್ಥವಾಗುತ್ತಿದೆ, 1500 ಮೀಟರ್ ಅಂದರೆ ಮೋಡದಿಂದ ಇನ್ನೊಂದು ವಿಮಾನ ಹೊರಗೆ ಬಂದರೆ ನಿನಗೆ ಸಿಗುವ ಉಸಿರು. ಸ್ವಲ್ಪ ಬೆಳ್ಳಗೆ ಕಂಡಾಗಲೇ ತಿರುಗಬೇಕಿತ್ತು. ಸೆಕೆಂಡಿಗೆ 3 ಡಿಗ್ರಿ ಲೆಕ್ಕದಲ್ಲಿ ಪೂರ್ತಿ ವಾಪಸ್ ತಿರುಗಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ನಿನ್ನ ಹತ್ತಿರ ಇತ್ತು.

ನಮ್ಮ ಕಡೆ ಮೋಡದೊಳಗೆ ಬೆಟ್ಟ ಇರುತ್ತದೆ. ತಡಿಯಂಡಮೋಳ್ 1748 ಮೀಟರ್, ಅಂದರೆ 5700 ಅಡಿಗೂ ಜಾಸ್ತಿ. ಬೆಟ್ಟದ ಸೀಮೆಯಲ್ಲಿ 2000 ಅಡಿ ಅಂತರ ಇಡಬೇಕು ಅಂತ ನಿಯಮ. ಆ ಐದು ನಿಮಿಷ ನೀನು ಎಷ್ಟು ಎತ್ತರದಲ್ಲಿದ್ದೆ ಅಂತ ಕೇಳುವ ಮೊದಲೇ ನಾನು ಫೋನ್ ಇಟ್ಟೆ. ಇನ್ನು ಎತ್ತರ ತೋರಿಸುವ ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು, ಎತ್ತರವನ್ನಲ್ಲ. ಮಳೆಗಾಲದಲ್ಲಿ ಒತ್ತಡ ಇಳಿದಿರುತ್ತದೆ. ಬೆಳಗ್ಗೆ ಅದರಲ್ಲಿ ಇಟ್ಟ ಸಮುದ್ರಮಟ್ಟದ ಒತ್ತಡದ ಅಂಕಿ, ಅಂದರೆ ಕ್ಯೂಎನ್‌ಎಚ್ ಬದಲಿಸದೆ ಹೋದರೆ ಒಂದು ಹೆಕ್ಟೊಪಾಸ್ಕಲ್‌ಗೆ ಹತ್ತಿರ ಹತ್ತಿರ 30 ಅಡಿ, ಹತ್ತಾದರೆ 300 ಅಡಿ, ಅದೂ ನೀನು ಇರುವುದಕ್ಕಿಂತ ಮೇಲಿದ್ದೀಯ ಅಂತ ತೋರಿಸುತ್ತದೆ. ನಾನು ದಿನಾ ಬೆಳಗ್ಗೆ 8 ಗಂಟೆಗೆ ಮಳೆಮಾಪಕ ನೋಡಿ ಇಂಚು ಸೆಂಟು ಬರೆಯುತ್ತೇನಲ್ಲ, ಹಾಗೆ, ತಪ್ಪದೆ, ಪ್ರತಿ ಸಲ ಕೇಳಿ ಬದಲಿಸು.

ಬೋಧನೆ ಜಾಸ್ತಿ ಆಯಿತು, ಗೊತ್ತು. ಆದರೂ ಇನ್ನೊಂದು ಹೇಳಲೇಬೇಕು. 2010ರ ಮೇ 22, ಮಂಗಳೂರಿನ ವಿಮಾನ ದುರಂತ. 158 ಜನ ಹೋದರು. ವಿಚಾರಣೆಯ ವರದಿಯಲ್ಲಿರುವ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಇಳಿಯುವುದು ಬೇಡ, ಮೇಲೆ ಹೋಗೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದರು. ಮೂರು ಸಲ! ನೀನು ಎರಡು ಸಲ ಹೇಳಿ ಸುಮ್ಮನಾಗಿದ್ದೆ, ನಾನು ಗದರಿದ್ದಕ್ಕೆ. ನಾಳೆ ನೀನು ಸಹ ಪೈಲಟ್ ಆಗಿ ಬಲಗಡೆ ಸೀಟಿನಲ್ಲಿ ಕೂತಾಗ ಯಾರಾದರೂ ಹಿರಿಯರು ಗದರಿದರೆ ನನ್ನ ದನಿ ನೆನಪಾಗಿ ನೀನು ಸುಮ್ಮನಾಗಿಬಿಡುತ್ತೀಯಾ? ಈ ಮೂರು ದಿನ ನಾನು ಹೆದರಿದ್ದು ಮೋಡಕ್ಕಿಂತ ಜಾಸ್ತಿ ಇದಕ್ಕೆ. ಗದರಲಿ, ನೀನು ಹೇಳು. ಕ್ಯಾಪ್ಟನ್ ಆಗಿ ಎಡಗಡೆ ಕೂತಾಗ, ಚಿಕ್ಕವರು ಹೇಳಿದ್ದನ್ನು ಕೇಳು. ರೇಡಿಯೋ ಸಂಕೇತದ ಸಹಾಯದಿಂದ ಇಳಿಯುವ ಐಎಲ್‌ಎಸ್‌ನಲ್ಲಿ 200 ಅಡಿಗೆ ಬಂದಾಗ ರನ್‌ವೇ ದೀಪ ಕಾಣದಿದ್ದರೆ ಇನ್ನು ಹತ್ತು ಅಡಿ ನೋಡೋಣ ಅನ್ನಬೇಡ, ಮೇಲೆ ಹೋಗು. ಎಣ್ಣೆ ಖರ್ಚಾಗಲಿ.

ಮಡಿಕೇರಿಗೆ ಹೋದಾಗೆಲ್ಲ "ನಿಮ್ಮ ಮಗಳು ಪೈಲಟ್ ಅಲ್ವಾ, ದೇವಯ್ಯನವರ ಜಿಲ್ಲೆಯವಳು" ಅನ್ನುತ್ತಾರೆ. ಹೆಮ್ಮೆಯಾಗುತ್ತದೆ, ನಿಜ ಹೇಳಬೇಕಂದರೆ ಅದನ್ನು ಕೇಳಲಿಕ್ಕೇ ಕೆಲವು ಸಲ ಬೇಕಂತಲೇ ಪೇಟೆಗೆ ಹೋಗಿದ್ದೇನೆ. 1965ರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ವಾಪಸ್ ಬರಲಿಲ್ಲ, ಅದು ಯುದ್ಧ. ನಿನ್ನದು ಯುದ್ಧ ಅಲ್ಲ. ನೀನು ವಾಪಸ್ ತಿರುಗಿ ಬಂದ ದಿನ ನನಗೆ ಯಾರೂ ಏನೂ ಹೇಳುವುದು ಬೇಡ. 1929ರಲ್ಲಿ ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟ್ಲ್ ಕಾಕ್‌ಪಿಟ್ ಮುಚ್ಚಿಕೊಂಡು ಬರೀ ಉಪಕರಣ ನೋಡಿ ಹಾರಿ ಇಳಿದಾಗಲೂ ಕಣ್ಣು ತೆರೆದ ಇನ್ನೊಬ್ಬ ಪೈಲಟ್ ಜೊತೆಗಿದ್ದರು. ಅವತ್ತು ನೀನು ಒಬ್ಬಳೇ ಇದ್ದೆ.

ಇನ್‌ಸ್ಟ್ರಕ್ಟರ್‌ಗೆ ಇನ್ನೂ ಹೇಳಿಲ್ಲ ಅಂದೆಯಲ್ಲ. ಟೆಸ್ಟಿಗೆ ಮೊದಲು ಹೇಳಿಬಿಡು. ಬೈಯುತ್ತಾರೆ, ಟೆಸ್ಟ್ ಮುಂದಕ್ಕೆ ಹಾಕಬಹುದು. ಹಾಕಲಿ. ದುಡ್ಡಿನ ಯೋಚನೆ ನಿನಗೆ ಬೇಡ, ಈ ಸಲ ಮೆಣಸು ಪರವಾಗಿಲ್ಲ. ನಾನೂ ನಿನ್ನೆ ರಾತ್ರಿ ಅಮ್ಮನಿಗೆ ಜೀಪಿನ ವಿಷಯ ಹೇಳಿದೆ. ಅವಳು ಇನ್ನೂ ನನ್ನ ಹತ್ತಿರ ಮಾತಾಡಿಲ್ಲ. ಆದರೆ ನಿನಗೆ ಕಳಿಸಲು ಕಳಲೆ ಉಪ್ಪಿನಕಾಯಿ ತುಂಬಿಸಿ ಮೇಜಿನ ಮೇಲೆ ಇಟ್ಟಿದ್ದಾಳೆ. ಮುಚ್ಚಳ ಸ್ವಲ್ಪ ಸಡಿಲ ಇದೆ, ಬಂದ ಕೂಡಲೇ ಬೇರೆ ಡಬ್ಬಿಗೆ ಹಾಕಿಕೋ. ಕಾಫಿ ಪುಡಿ ಕೆಳಗೆ ಇದೆ.

ಅಪ್ಪ