ನಕ್ಷೆ ಕೈಗೆ ಬರದೆ ಇನ್ಮುಂದೆ ಪಾಯ ತೋಡುವುದಿಲ್ಲ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಇಷ್ಟು ದಿನ ಪ್ಲಾನ್ ಅರ್ಜಿ ಆಫೀಸಿನಲ್ಲಿ ಇರುವಾಗಲೇ ಸೈಟಿನಲ್ಲಿ ಪಾಯ ಎದ್ದುಬಿಡುತ್ತಿತ್ತು. ‘ಆಷಾಢಕ್ಕೆ ಮುಂಚೆ ಶುರು ಮಾಡಿಬಿಡಿ’ ಅಂತ ನೀವು ಹೇಳುತ್ತಿದ್ದಿರಿ, ನಾವೂ ಹೂಂ ಅನ್ನುತ್ತಿದ್ದೆವು. ಇನ್ನು ಅದು ಆಗುವುದಿಲ್ಲ. ಗುದ್ದಲಿ ಪೂಜೆ ನಿಮ್ಮ ಮುಹೂರ್ತಕ್ಕೇ ಆಗಲಿ. ಜೆಸಿಬಿ ಮಾತ್ರ ಮಂಜೂರಾದ ನಕ್ಷೆ ಬಂದ ಮೇಲೇ ಬರುತ್ತದೆ. ಅಲ್ಲಿಯವರೆಗೆ ಅಡ್ವಾನ್ಸೂ ಬೇಡ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕೇಸು ಮೀರಟ್‌ನದು, ಆದೇಶ ದೇಶಕ್ಕೆಲ್ಲ. ಓಸಿ, ಅಂದರೆ ನಕ್ಷೆಯಂತೆ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡುವಂತಿಲ್ಲ. ಕೆಲಸ ಮುಗಿಯುವವರೆಗೂ ಮಂಜೂರಾದ ನಕ್ಷೆ ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು.

ಇದರ ಬಿಸಿ ನಮಗೂ ತಟ್ಟಿದೆ. ಒಂದು 40x60 ಸೈಟಿನಲ್ಲಿ ದೇವರ ಮನೆ ಸ್ವಲ್ಪ ದೊಡ್ಡದಾಗಲಿ ಅಂತ ಹಿಂದಿನ ಗೋಡೆಯನ್ನು ನಕ್ಷೆಯಲ್ಲಿ ಇದ್ದದ್ದಕ್ಕಿಂತ ಒಂದೂವರೆ ಅಡಿ ಆಚೆ ತಳ್ಳಿದ್ದೆವು. ಮಾಲೀಕರು ಕೇಳಿದರು, ಮೇಸ್ತ್ರಿ ದಾರ ಹಿಡಿದೇಬಿಟ್ಟ, ನಾವು ಸುಮ್ನೆ ನಿಂತು ನೋಡಿದೆವು. ಗೃಹಪ್ರವೇಶ ಆಯಿತು, ಓಸಿ ಮಾತ್ರ ಸಿಗಲಿಲ್ಲ. ಹೊಸ ಮನೆಯಲ್ಲಿ ಇವತ್ತಿಗೂ ಟೆಂಪರರಿ ಮೀಟರು, ಬಿಲ್ಲೂ ಜಾಸ್ತಿ. ತಪ್ಪು ನಮ್ಮದೂ ಹೌದು. ಆ ಗೋಡೆ ಒಡೆದು ಕಟ್ಟುವ ಕೂಲಿ ನಮ್ಮದೇ ಅಂತ ಒಪ್ಪಿಕೊಂಡಿದ್ದೇವೆ.

ಬೆಂಗಳೂರಿನಲ್ಲಿ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ 2025ರಲ್ಲಿ ಓಸಿ ವಿನಾಯಿತಿ ಕೊಟ್ಟಿದೆ. ನೆಲಮಹಡಿ ಮೇಲೆ ಎರಡು ಅಂತಸ್ತು, ಇಲ್ಲವೇ ಸ್ಟಿಲ್ಟ್ (ಕೆಳಗೆ ಬರೀ ಕಂಬಗಳ ಪಾರ್ಕಿಂಗ್ ಜಾಗ) ಮೇಲೆ ಮೂರು. ಹಾಗಂತ ನಕ್ಷೆಗೆ ವಿನಾಯಿತಿ ಇಲ್ಲ. ಇದನ್ನು ಅರ್ಧ ಕೇಳಿಸಿಕೊಂಡು ಬರುವವರೇ ಜಾಸ್ತಿ.

‘ರೇರಾ ಇದೆಯಲ್ಲಾ, ನೋಡಿಕೊಳ್ಳುತ್ತೆ’ ಅಂತಲೂ ಕೆಲವರು ಅನ್ನುತ್ತಾರೆ. ರೇರಾ ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ, ಅದು ಇರುವುದು ಮಾರಾಟಕ್ಕೆ ಕಟ್ಟುವ ದೊಡ್ಡ ಪ್ರಾಜೆಕ್ಟುಗಳಿಗೆ. ನಿಮ್ಮ ಸ್ವಂತ ಸೈಟಿನಲ್ಲಿ ನಿಮಗಾಗಿ ಕಟ್ಟುವ ಮನೆ ಅದರ ಕೆಳಗೆ ಬರುವುದಿಲ್ಲ. ಆದರೂ ಅದರ ಒಂದು ನಿಯಮ ನಮಗೆ ಹಿಡಿಸಿತು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಐದು ವರ್ಷದವರೆಗೆ ಕಟ್ಟಿದವರೇ ಸರಿಮಾಡಿಕೊಡಬೇಕು ಅನ್ನುವುದು. ಇನ್ನು ಮುಂದಿನ ನಮ್ಮ ಎಲ್ಲ ಕರಾರಿನಲ್ಲೂ ಅದನ್ನು ಬರೆದುಕೊಡುತ್ತೇವೆ.

ಕೆಲಸ ನಡೆಯುತ್ತಿರುವ ಮನೆಗಳಿಗೆ ಈ ತಿಂಗಳೊಳಗೆ ನಮ್ಮ ಇಂಜಿನಿಯರ್ ಟೇಪು, ನಕ್ಷೆ ಎರಡನ್ನೂ ಹಿಡಿದು ಬರುತ್ತಾರೆ. ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ) ಅಳೆಯುವಾಗ ದಯವಿಟ್ಟು ನೀವೂ ಜೊತೆಗಿರಿ. ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕುವ ಮುಂಚೆ ತಪ್ಪು ಸಿಕ್ಕರೆ ಒಂದು ಗೋಡೆಯಲ್ಲಿ ಮುಗಿಯುತ್ತದೆ.

ಇಂತಿ,
ನಿಮ್ಮ ಮನೆ ಕಟ್ಟುವ ತಂಡ