ಸಂಬಳ ನಿಂತ್ರೂ ಕಂತು ನಿಲ್ಲಲ್ಲ

ಮಾನ್ಯ ಸಂಪಾದಕರೇ,

ದೇಶದ ಹಣಕಾಸು ಕೆಟ್ಟಾಗೆಲ್ಲ ಪೇಪರ್‌ನಲ್ಲಿ ಷೇರುಪೇಟೆ, ರೂಪಾಯಿ ಬೆಲೆ ಬಗ್ಗೆನೇ ಬರುತ್ತೆ, ಆದ್ರೆ ಮೊದ್ಲು ಪೆಟ್ಟು ಬೀಳೋದು ನಮ್ಮ ಹಾಸನದಲ್ಲಿ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳಂಥೋರು ಮನೆ ನಡ್ಸೋಕೆ ಮಾಡಿದ ಸಾಲದ ಮೇಲೆ. ಆರ್ಡರ್ ಕಮ್ಮಿ ಅಂದ್ರೆ ಮೊದ್ಲು ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಕಟ್, ಆಮೇಲೆ ಕೆಲಸನೇ ಇಲ್ಲ, ಸಂಘದಲ್ಲಿ ಗುಂಪಾಗಿ ತಗೊಂಡ ಸಣ್ಣ ಸಾಲದ (ಮೈಕ್ರೋಫೈನಾನ್ಸ್) ವಾರದ ಕಂತು ಮಾತ್ರ ತಪ್ಪಲ್ಲ, ಒಬ್ಳು ಕಟ್ಟಲಿಲ್ಲ ಅಂದ್ರೆ ಉಳಿದೋರು ಸೇರಿಸಿ ಕಟ್ಟೋ ತನಕ ಮೀಟಿಂಗೇ ಮುಗಿಯಲ್ಲ, ಕೊನೆಗೆ ಕಿವಿ ಓಲೆ ಗಿರವಿ ಅಂಗಡಿಗೆ. 2020ರ ಲಾಕ್‌ಡೌನ್‌ನಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚಿಂದ ಆಗಸ್ಟ್ ತನಕ 6 ತಿಂಗಳು ಕಂತು ಮುಂದೂಡೋಕೆ ಅವಕಾಶ ಕೊಟ್ಟಿತ್ತು ನಿಜ, ಬಡ್ಡಿ ಓಡ್ತಾನೇ ಇತ್ತು (ಇದನ್ನ ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ರೋ ದೇವ್ರಿಗೇ ಗೊತ್ತು). 2025ರಲ್ಲಿ ರಾಜ್ಯ ಸರ್ಕಾರ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿದ್ದು ಒಳ್ಳೇದೇ, ಆದ್ರೆ ಅದು ಮುಖ್ಯವಾಗಿ ನೋಡೋದು ವಸೂಲಿ ಮಾಡೋ ರೀತಿನ, ಕೂಲಿ ನಿಂತೋರು ಎಲ್ಲಿಂದ ತಂದು ಕಟ್ಬೇಕು ಅನ್ನೋದನ್ನಲ್ಲ. ಕೆಲಸ ಹೋದೋರಿಗೆ ಕನಿಷ್ಠ 3 ತಿಂಗಳು ಕಂತಿನ ಜೊತೆ ಬಡ್ಡಿನೂ ನಿಲ್ಲಿಸೋ ನಿಯಮ ಮಾಡ್ಲಿ, ಜಿಲ್ಲಾಡಳಿತ ಲೀಡ್ ಬ್ಯಾಂಕ್‌ನೋರನ್ನ (ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಹೊಂದಿಸೋ ಮುಖ್ಯ ಬ್ಯಾಂಕ್) ಕರ್ಕೊಂಡ್ಬಂದು ಸಂಬಳದ ದಿನ ಫ್ಯಾಕ್ಟರಿ ಗೇಟ್ ಹತ್ರನೇ ಸಾಲದ ಸಲಹೆ ಕ್ಯಾಂಪ್ ಇಡ್ಲಿ.

– ಒಬ್ಬ ಓದುಗ, ಹಾಸನ