ನೆನಪಿಲ್ಲ ಅಂದಿದ್ದು ಸುಳ್ಳು

ಪುಟ್ಟೀ,

ಫೋನಿನಲ್ಲಾದರೆ ಮತ್ತೆ ದನಿ ಏರಿಸಿಬಿಡುತ್ತೇನೆ. ಅದಕ್ಕೇ ಪತ್ರ.

ಹೋದ ಭಾನುವಾರ ನಿನ್ನ ಮನೆಯಲ್ಲಿ, 'ಇಷ್ಟು ದೊಡ್ಡವಳಾದರೂ ಬಾತ್‌ರೂಮಿಗೆ ಚಿಲಕ ಹಾಕೋಕೆ ಬರಲ್ವಾ' ಎಂದು ರೇಗಿದೆ. 'ಯಾಕೆ ಹಾಕಲ್ಲ ಅಂತ ನಿಮಗೆ ನೆನಪೇ ಇಲ್ವಾ ಅಪ್ಪಾ?' ಎಂದು ನೀನು ಕೇಳಿದೆ. ನಾನು ಇಲ್ಲ ಅಂದುಬಿಟ್ಟೆ. ಸುಳ್ಳು. ಎಲ್ಲಾ ನೆನಪಿದೆ.

ನೀನು ಏನು ಒಡೆದಿದ್ದೆ, ಏನು ಸುಳ್ಳು ಹೇಳಿದ್ದೆ, ಅದೆಲ್ಲ ಇಬ್ಬರಿಗೂ ಗೊತ್ತು, ಬಿಡು. ನಿನಗೆ ಆಗ ಏಳು ವರ್ಷ. ಐದು ನಿಮಿಷ ಒಳಗಿರಲಿ ಎಂದು ಹೊರಗಿನಿಂದ ಚಿಲಕ ಹಾಕಿದೆ. ಅಷ್ಟರಲ್ಲಿ ಯಾರೋ ಬಂದರು. ಮಾತಿಗೆ ಕೂತೆ, ಮರೆತೆ. ಮುಕ್ಕಾಲು ಗಂಟೆ. ಲೈಟಿನ ಸ್ವಿಚ್ ಹೊರಗಿತ್ತು, ಅದನ್ನೂ ಹಾಕಿರಲಿಲ್ಲ. ಬಾಗಿಲು ತೆಗೆದಾಗ ನೀನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದೆ. ಅಳುತ್ತಿರಲಿಲ್ಲ. ಒಂದು ಸಲವೂ ಬಾಗಿಲು ಬಡಿದಿರಲಿಲ್ಲ. 'ಈಗ ಬರಬಹುದಾ?' ಎಂದು ಕೇಳಿದೆ.

'ನನ್ನ ಮಗಳು ಗಟ್ಟಿ, ಅಳೋದೇ ಇಲ್ಲ' ಎಂದು ಎಷ್ಟು ಜನರ ಮುಂದೆ ಜಂಬ ಕೊಚ್ಚಿದ್ದೇನೋ. ಓಡಲೂ ಆಗದೆ, ಎದುರು ನಿಲ್ಲಲೂ ಆಗದಿದ್ದಾಗ ಮೈ ಮರಗಟ್ಟಿಬಿಡುತ್ತದೆ ಎಂದು ಈಗ ಓದಿ ತಿಳಿದೆ. ಅದು ಗಟ್ಟಿತನ ಅಲ್ಲ. ಆದರೂ ಬಡಿದಿದ್ದರೆ ನನಗೆ ಕೇಳಿಸುತ್ತಿತ್ತು, ಯಾಕೆ ಬಡಿಯಲಿಲ್ಲ ನೀನು? ನೋಡು, ಈಗಲೂ ತಪ್ಪನ್ನು ನಿನ್ನ ಕಡೆಗೇ ತಳ್ಳುತ್ತಿದ್ದೇನೆ.

ಇನ್ನೊಂದನ್ನೂ ಓದಿದೆ. ಫೆಲಿಟಿ ಎಂಬ ಡಾಕ್ಟರು ಮತ್ತು ಅವರ ಜೊತೆಯವರು 1998ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನ. ಚಿಕ್ಕಂದಿನಲ್ಲಿ ಬಗೆಬಗೆಯ ನೋವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಹೃದಯದ ಕಾಯಿಲೆ ಜಾಸ್ತಿ ಕಂಡವಂತೆ. ರಾತ್ರಿ ಬೆರಳು ಮಡಿಸಿ ನಿನ್ನ ಲೆಕ್ಕ ಹಾಕಿದೆ. ಅದು ಸಾವಿರಾರು ಜನರ ಲೆಕ್ಕ, ಯಾರೊಬ್ಬರ ಹಣೆಬರಹ ಅಲ್ಲ. ಗೊತ್ತು. ಆದರೂ ನಿದ್ದೆ ಹತ್ತಲಿಲ್ಲ.

ಕೌನ್ಸೆಲಿಂಗ್ ಅರ್ಧಕ್ಕೆ ಬಿಡಬೇಡ. ನಿದ್ದೆಗೆಡಬೇಡ. ಹಳೆಯದನ್ನೆಲ್ಲ ಒಂದೇ ಸಲ ಕೆದಕಬೇಡ. ಸುರಕ್ಷಿತ ಅನ್ನಿಸುವುದು ಮೊದಲು, ನೆನೆದು ಅಳುವುದು ಆಮೇಲೆ, ಜನರ ಜೊತೆ ಮತ್ತೆ ಬೆರೆಯುವುದು ಅದರ ನಂತರ ಎಂದು ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲೇ ಬರೆದಿದ್ದಾರೆ... ಉಪದೇಶ ಶುರುವಾಯ್ತು, ಅಲ್ವಾ? ಇದೆಲ್ಲ ನಿನಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಆ ಮೊದಲ ಮೆಟ್ಟಿಲಿಗೆ ನಾನು ಸ್ವಲ್ಪ ದಿನ ದೂರ ಇರಬೇಕು ಅನ್ನಿಸಿದರೆ ಹೇಳು. ಬೇಜಾರಾಗುತ್ತದೆ, ಆದರೆ ಬರುವುದಿಲ್ಲ.

ತಪ್ಪಾಯಿತು, ಪುಟ್ಟೀ. ಇದರ ಮುಂದೆ 'ಆಗೆಲ್ಲ ಹಾಗೇ ಬೆಳೆಸ್ತಿದ್ರು' ಎಂದು ಬರೆದು ಹೊಡೆದುಹಾಕಿದ್ದೇನೆ. ಗೀಚು ಕಾಣುತ್ತದೆ, ಕಾಣಲಿ. ನೀನು ಒಬ್ಬಳೇ ಹೋಗಿ ಗುರುತಿಲ್ಲದವರ ಮುಂದೆ ಕೂತು ಇದನ್ನೆಲ್ಲ ಹೇಳಿದೆಯಲ್ಲ, ಅದು ನನ್ನ ಕೈಲಿ ಆಗುತ್ತಿರಲಿಲ್ಲ.

ಅಮ್ಮನಿಗೆ ಆ ದಿನದ್ದು ಗೊತ್ತಿಲ್ಲ. ಅವಳು ಬರುವಷ್ಟರಲ್ಲಿ ನಿನ್ನ ಬಟ್ಟೆ ಬದಲಿಸಿ, ಹೇಳಬೇಡ ಅಂದಿದ್ದೆ. ನೀನು ಇವತ್ತಿನವರೆಗೂ ಹೇಳಿಲ್ಲ. ಸಂಜೆ ಅವಳು ಬಂದ ಮೇಲೆ ನಾನೇ ಹೇಳುತ್ತೇನೆ.

ಅಪ್ಪ